ಕಣದ ಬಿಸಿಲು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನನ್ನ ಗಂಡ ಸುಂಟಿಕೊಪ್ಪದ ಹತ್ತಿರದ ಎಸ್ಟೇಟೊಂದರಲ್ಲಿ ಕೂಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನಮ್ಮ ಮನೆಯೆದುರಿಗೇ ಕಾಫಿ ಒಣಗಿಸುವ ಕಣ. ಅಲ್ಲಿ ಹರವಿದ ಕಾಫಿಯನ್ನು ಕೆದಕುತ್ತಿದ್ದ ಹೆಂಗಸೊಬ್ಬಳು ತನ್ನ ಮಗನನ್ನು ಕಣದ ಅಂಚಿನಲ್ಲಿ, ಕಾದ ನೆಲದ ಮೇಲೆ ಗೋಣಿ ಹಾಸಿ ಮಲಗಿಸುತ್ತಿದ್ದಳು.

ತಿಂಗಳು ತುಂಬದೆ ಹುಟ್ಟಿದ ಮಗು. ಓಡಾಡುವ ವಯಸ್ಸಾದರೂ ಕುತ್ತಿಗೆ ನಿಂತಿರಲಿಲ್ಲ. ಕಾಲುಗಳು ಕತ್ತರಿಯಂತೆ ಸೆಟೆದುಕೊಂಡಿದ್ದವು. ಹಣೆಯಲ್ಲಿ ಬೆವರು ಹರಿಯುತ್ತಿದ್ದರೂ ಪಾದ ಮಾತ್ರ ತಣ್ಣಗಿರುತ್ತಿತ್ತು. ಮೈಯ ಬಿಸಿ ಕಾಯುವ ನರಗಳೇ ಬಲಿತಿಲ್ಲ, ಮಾಡುವುದೇನೂ ಇಲ್ಲ ಎಂದು ಮಡಿಕೇರಿಯ ಡಾಕ್ಟರು ಹೇಳಿದ್ದರಂತೆ.

"ಬಲೀದೆ ಉದುರಿದ ಕಾಯಿನೂ ಕಣದಲ್ಲಿ ಒಣಗಿಸ್ತೀವಲ್ಲಮ್ಮಾ, ಬಿಸಾಕ್ತೀವಾ?" ಎನ್ನುತ್ತಿದ್ದಳು ಅವಳು.

ಕಾಫಿಯನ್ನು ಒಂದು ಸುತ್ತು ಕೆದಕಿ ಬಂದವಳು ಮಗನನ್ನೂ ಮಗ್ಗುಲಿಗೆ ಹೊರಳಿಸುವಳು, ಸೆರಗಿನಿಂದ ಹಣೆ ಒರೆಸುವಳು. ನಾನು ಕಂಡರೆ ಒಂದೇ ಮಾತು: "ಕಾಲು ಮುಟ್ಟಿ ನೋಡಿ ಅಮ್ಮಾ, ಬಿಸಿ ಬಂತಾ?"

ನಾನು ಮುಟ್ಟಿ, "ಬಂತು" ಎನ್ನುತ್ತಿದ್ದೆ. ಕೆಲವು ದಿನ ನಿಜವಾಗಿಯೂ ಬಂದಿರುತ್ತಿತ್ತು.

ಆ ವರ್ಷ ಕುಯ್ಲಿನ ನಡುವೆಯೇ ಮೋಡ ಕವಿಯಿತು. ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದೆಸಿದರು. ಬಿಸಿಲಿಲ್ಲದ ಕಣ ಕಲ್ಲಿನಂತೆ ತಣ್ಣಗಾಯಿತು. ಮಗು ಆಗಾಗ ಉಸಿರಾಡುವುದನ್ನೇ ಮರೆಯತೊಡಗಿತು. ಮೋಡ ಹರಿಯುವ ಮೊದಲೇ ತೀರಿಕೊಂಡಿತು.

ನಾನು ಕೂಲಿಯವರ ಲೈನಿನಲ್ಲಿದ್ದ ಅವಳ ಮನೆಗೆ ಹೋದಾಗ ಅವಳು ಒಂದು ಕೈಯನ್ನು ಮಗನ ಹಣೆಯ ಮೇಲೂ ಇನ್ನೊಂದನ್ನು ಪಾದದ ಮೇಲೂ ಇಟ್ಟು ಕೂತಿದ್ದಳು. ಮುಟ್ಟಿ ನೋಡಿ ಎನ್ನಲಿಲ್ಲ.

"ಈಗ ಎರಡೂ ಒಂದೇ ತರ ಆಯ್ತಮ್ಮಾ," ಎಂದಳು.