ಅಮಾವಾಸ್ಯೆಯ ನಿಂಬೆಹಣ್ಣು

ಕೊಟ್ಟೂರಿನ ಗುರುಸಂಗಪ್ಪನಿಗೆ ಎರಡು ಚಟ. ಮನೆಯಲ್ಲಿ ಏನು ಕೆಟ್ಟರೂ "ನಾನ ಮಾಡ್ತೀನಿ ಬಿಡು" ಎನ್ನುವುದು ಒಂದು. ಅದು ಆಗದಿದ್ದಾಗ ಕಂಡವರ ಮೇಲೆ ಹಾರಾಡುವುದು ಇನ್ನೊಂದು.

ಬಟ್ಟೆ ಅಂಗಡಿಯನ್ನು ಮಗನ ಕೈಗೊಪ್ಪಿಸಿದ ಮೇಲೆ, ಶೇಂಗಾ ಚೀಲ ಇಡುತ್ತಿದ್ದ ಕೋಣೆಯಲ್ಲಿ ಕಬ್ಬಿಣ ಕಡೆಯುವ ಪುಟ್ಟದೊಂದು ಲೇತ್ ಯಂತ್ರ ತಂದು ಕೂರಿಸಿದ್ದ. ಈ ವಯಸ್ಸಿನಲ್ಲಿ ಇದೇನು ಆಟ ಎಂದು ಓಣಿಯೇ ನಕ್ಕಿತ್ತು. ಹೆಂಡತಿ ಅನ್ನದಾನಮ್ಮನ ತವರಿನ ಹಿತ್ತಾಳೆ ಶ್ಯಾವಿಗೆ ಒತ್ತಿನ ತಿರುಪು ಸವೆದಾಗ ಅವನಿಗೆ ಒಳಗೊಳಗೇ ಖುಷಿ. ರಿಪೇರಿಗೆ ಕೊಡಲು ಬಿಡಲಿಲ್ಲ. ಅಮಾವಾಸ್ಯೆಯ ಮರುದಿನ ಅವಳ ಅಕ್ಕ ಗಂಗಾಂಬಿಕಾ ತಂಬ್ರಹಳ್ಳಿಯಿಂದ ಶ್ಯಾವಿಗೆ ಹಾಕಲು ಬರುವವಳಿದ್ದಳು. ಅಷ್ಟರೊಳಗೆ ಹೊಸ ತಿರುಪು ತಯಾರು ಎಂದು ಮಾತು ಕೊಟ್ಟ.

ಕೊಟ್ಟ ಮಾತು ಕಬ್ಬಿಣಕ್ಕೆ ಗೊತ್ತಾಗಬೇಕಲ್ಲ! ಒಂದು ಸರಳಿನ ಮೇಲೆ ಕೊರೆದ ತಿರುಪಿನ ಗೀರು, ಅಂದರೆ ಥ್ರೆಡ್, ಹರಿದುಹೋಯಿತು, ಇನ್ನೊಂದು ಸರಳೇ ಬಾಗಿತು. ಅಮಾವಾಸ್ಯೆಯ ಬೆಳಿಗ್ಗೆ ಲೇತಿಗೆ ಕಚ್ಚಿಸಿದ ಮೂರನೆಯದು ಮಾತ್ರ ಲಕ್ಷಣವಾಗಿ ಬರತೊಡಗಿತು. ಥ್ರೆಡ್ ಒಂದೇ ಏಟಿಗೆ ಆಗುವುದಲ್ಲ. ಕೊರೆಯುವ ಟೂಲು ಅದೇ ಗೀರಿನಲ್ಲಿ ಮತ್ತೆ ಮತ್ತೆ ಓಡಿ ಆಳ ಮಾಡಬೇಕು. ಹಿಂದಕ್ಕೆ ತರಬೇಕೆಂದರೂ ಮೋಟರನ್ನೇ ಉಲ್ಟಾ ತಿರುಗಿಸಬೇಕು. ಟೂಲಿನ ಗಾಡಿಯನ್ನು ಮೋಟರಿಗೆ ಜೋಡಿಸಿಟ್ಟ ಪಕ್ಕದ ಲಿವರ್ ಎತ್ತಿದರೆ ಟೂಲು ದಾರಿ ತಪ್ಪಿತೆಂದೇ ಲೆಕ್ಕ. "ಅದನ್ನ ಯಾರರ ಮುಟ್ಟಿದ್ರ ಕೈ ಮುರೀತೀನಿ" ಎಂದು ಮನೆಮಂದಿಗೆಲ್ಲ ಗುಡುಗಿದ್ದ.

ಅಷ್ಟರಲ್ಲಿ ಅನ್ನದಾನಮ್ಮ ಪೂಜೆಯ ತಾಟು ಹಿಡಿದು ಬಂದಳು. ಅಮಾವಾಸ್ಯೆಗೆ ಊರಿನ ಲಾರಿ, ಟ್ರ್ಯಾಕ್ಟರು, ಗಿರಣಿಗಳಿಗೆಲ್ಲ ಪೂಜೆಯಾಗುವಾಗ ಇದೊಂದು ಯಾಕೆ ಬರಿಹಣೆಯಲ್ಲಿರಬೇಕು? ವಿಭೂತಿ ಹಚ್ಚಿ ಕಾಯಿ ಒಡೆದಳು.

"ನಿಂಬಿಹಣ್ಣು ತುಳಿಸ್ರಿ."

"ಇದಕ್ಕ ಗಾಲಿ ಎಲ್ಲಿ ಅದಾವು?"

"ಓಡೋದು ಏನರ ಐತಲ್ಲ, ಅದರ ಮುಂದ ಇಡ್ರಿ."

ಓಡುವುದೆಂದರೆ ಟೂಲು ಹೊತ್ತ ಗಾಡಿ. ಗುರುಸಂಗಪ್ಪ ಭಕ್ತಿಯಿಂದ ಹಣ್ಣಿಟ್ಟ. ಗಾಡಿಯನ್ನು ಕೈಯಿಂದ ನೂಕಲೆಂದು ಲಿವರ್ ಎತ್ತಿದ, ಚಕ್ರ ತಿರುವಿದ. ಹಣ್ಣು ಪಚಕ್ಕನೆ ಒಡೆಯಿತು. ಕಣ್ಣುಮುಚ್ಚಿ ಕೈಮುಗಿದ. ಆಮೇಲೆ ಲೇತ್ ಶುರು ಮಾಡಿದರೆ, ಟೂಲು ಹಳೆಯ ಗೀರು ಬಿಟ್ಟು ಪಕ್ಕದಲ್ಲೇ ಇನ್ನೊಂದು ಕೊರೆದು, ಆದ ಕೆಲಸವನ್ನೆಲ್ಲ ಕೆತ್ತಿ ಹಾಕಿತು.

ಸಿಟ್ಟು ನೆತ್ತಿಗೇರಿತು. "ನಿನ್ನ ನಿಂಬಿಹಣ್ಣಿಗೆ ಬೆಂಕಿ ಹಾಕ! ಎಲ್ಲಾ ಕೆಡಿಸ್ತಲ್ಲ!"

"ಹಣ್ಣು ಇಡ್ರಿ ಅಂದೆ. ಲಿವರ್ ಎತ್ರಿ ಅಂದ್ನೇನು?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಅವನಿಗೂ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಉಳಿದಿದ್ದ ಕಡೆಯ ಸರಳನ್ನು ಕಚ್ಚಿಸಿದ. ಅನ್ನದಾನಮ್ಮ ಬಂದು, ಹಳೆ ಸೀರೆಯ ಅಂಚು ಹರಿದು, ಲಿವರನ್ನು ಮೇಲೇಳದಂತೆ ಬಿಗಿದು ಕಟ್ಟಿ ಹೋದಳು. ಥ್ರೆಡ್ ಅರ್ಧಕ್ಕೂ ಬಂದಿರಲಿಲ್ಲ, ಹೊರಗೆ ಆಟೋ ನಿಂತಿತು.

"ಒತ್ತು ರಿಪೇರಿ ಆತೇನ?" ಗಂಗಾಂಬಿಕಾಳ ದನಿ.

ಅನ್ನದಾನಮ್ಮನ ಉತ್ತರ ಕೋಣೆಯೊಳಗೂ ಕೇಳಿಸಿತು.

"ಚಲೋ ಮಾಡಾಕ ಹತ್ತಿದ್ರು ಅಕ್ಕಾ, ನಾನ ಪೂಜಿ ಮಾಡಾಕ ಹೋಗಿ ಕೆಡಿಸಿದೆ. ಈ ವರ್ಷ ಕೈಲೇ ಹೊಸಿಯೋಣು ಬಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಗುರುಸಂಗಪ್ಪ ಮೋಟರ್ ನಿಲ್ಲಿಸಿದ, ಉಳಿದದ್ದು ಆಮೇಲೆ ಮಾಡಲೆಂದು ಲಿವರಿನ ಸೀರೆಗಂಟನ್ನು ಹಾಗೇ ಬಿಟ್ಟ. ಕೈ ತೊಳೆದುಕೊಂಡು ಹಿಟ್ಟು ನಾದಲು ಒಳಗೆ ಹೋದ.