ಹಕಾರ ನುಂಗಿದ ಹಾಜರಿ

ಬುಧವಾರ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಹಾಸನದಲ್ಲಿ ಹೊಳೆನರಸೀಪುರದ ಬಸ್ಸು ಹತ್ತಿದೆ. ಡಿಸೆಂಬರಿನ ಮಂಜು ಇನ್ನೂ ಕರಗಿರಲಿಲ್ಲ. ಹೆಗಲಲ್ಲಿ ಲ್ಯಾಪ್‌ಟಾಪ್, ಕೈಚೀಲದಲ್ಲಿ ಎರಡು ಸೀರೆ, ಒಂದು ಡಬ್ಬಿ ಒಗ್ಗರಣೆ ಅವಲಕ್ಕಿ. ಕಂಡಕ್ಟರು ಬಾಗಿಲಲ್ಲಿ ನಿಂತು "ಒಳೆನರ್ಸೀಪುರ, ಒಳೆನರ್ಸೀಪುರ" ಎಂದು ಕರೆಯುತ್ತಿದ್ದರು. ಹುಟ್ಟಿದಾಗಿನಿಂದ ಕೇಳಿದ ಕೂಗು ಅದು, ಹಾಗಾಗಿ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಆಧಾರ್ ಕಾರ್ಡು ತೋರಿಸಿದೆ, ಸೊನ್ನೆ ರೂಪಾಯಿಯ ಟಿಕೆಟ್ ಕೈಗೆ ಬಂತು. ಪಕ್ಕದ ಸೀಟಿನ ಗಂಡಸು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ನನ್ನ ಸೊನ್ನೆಯನ್ನು ಓರೆಗಣ್ಣಿನಲ್ಲಿ ನೋಡಿದ. ಸೊನ್ನೆಯ ಬೆಲೆ ಗಣಿತ ಹೇಳಿಕೊಡುವವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯುವುದಿಲ್ಲ ಎಂದುಕೊಂಡು ಕಿಟಕಿ ಮುಚ್ಚಿ ಕುಳಿತೆ.

ನಾನು ಹೇಮಲತಾ, ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ. ಹುಟ್ಟಿದ್ದು ಕಟ್ಟಾಯದಲ್ಲಿ, ಇರುವುದು ಹಾಸನದಲ್ಲಿ. ಐವತ್ತು ದಾಟಿದ ಮೇಲೆ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಸ್ಟಾಫ್ ರೂಮಿನಲ್ಲಿ ನಕ್ಕವರು ಇದ್ದರು. ಎರಡು ವರ್ಷ ಒದ್ದಾಡಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ನಲವತ್ತೆರಡು ಪ್ರಾಥಮಿಕ ಶಾಲೆಗಳಿಂದ ಫೋನಿನಲ್ಲಿ ಬರುವ ದಿನದ ಹಾಜರಿಯನ್ನು ಓದಿ ಲೆಕ್ಕ ಹಾಕುವ ಪ್ರೋಗ್ರಾಂ ಒಂದನ್ನು ಮಾಡಿದೆ. ಯಾವ ಮಗು ಎಷ್ಟು ದಿನ ಬಂತು, ಯಾವ ವಾರ ತರಗತಿ ಖಾಲಿ, ಶಾಲೆಯ ಸರಾಸರಿ ಎಷ್ಟು ಎಂದೆಲ್ಲ ಹೇಳಿ, ಕೊನೆಗೆ ಶಾಲೆಗೊಂದು ಬಣ್ಣ ಕೊಡುತ್ತದೆ. ಚೆನ್ನಾಗಿದ್ದರೆ ಹಸಿರು, ಪರವಾಗಿಲ್ಲ ಎನ್ನುವಂತಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ನಕ್ಕವರೇ ಈಗ ತಮ್ಮೂರ ಶಾಲೆಯ ಬಣ್ಣ ಕೇಳಿಕೊಂಡು ಬರುತ್ತಿದ್ದರು. ನನಗೆ ಜಂಬ ಬಂದಿತ್ತು, ಇಲ್ಲ ಎನ್ನುವುದಿಲ್ಲ.

ಆ ಜಂಬಕ್ಕೆ ಒಂದು ಮುಳ್ಳು ಚುಚ್ಚಿದ್ದರಿಂದಲೇ ಈ ಪ್ರಯಾಣ. ಶುಕ್ರವಾರ ಚನ್ನರಾಯಪಟ್ಟಣದಲ್ಲಿ ನನ್ನ ಪಟ್ಟಿ ಇಟ್ಟುಕೊಂಡು ಶಿಕ್ಷಣಾಧಿಕಾರಿಗಳ ಸಭೆ ಇತ್ತು. ಮಕ್ಕಳೂ ಕಡಿಮೆ, ಹಾಜರಿಯೂ ಕೆಂಪು ಎಂದಾದ ಶಾಲೆಯನ್ನು ಮುಚ್ಚಿ ಪಕ್ಕದ ಊರಿನ ಶಾಲೆಗೆ ಸೇರಿಸುವ ತೀರ್ಮಾನ ಅಲ್ಲಿ ಆಗುವುದಿತ್ತು. ನನ್ನ ಪಟ್ಟಿಯಲ್ಲಿ ಕೆಂಪು ಎರಡೇ. ಹೊಳೆನರಸೀಪುರದ ಕಡೆಯದು ದೊಡ್ಡ ಶಾಲೆ, ಅದಕ್ಕೆ ಭಯವಿಲ್ಲ. ಇನ್ನೊಂದು ಅರಕಲಗೂಡು ತಾಲ್ಲೂಕಿನ ಹುಣಸೆಕೊಪ್ಪಲಿನ ಪುಟ್ಟ ಶಾಲೆ. ಅದು ಮುಚ್ಚಿದರೆ ಒಂದನೇ ತರಗತಿಯ ಮಕ್ಕಳು ಹೆದ್ದಾರಿ ದಾಟಿ ಮೂರೂವರೆ ಕಿಲೋಮೀಟರ್ ನಡೆಯಬೇಕು. ಅಲ್ಲಿನ ಶಿಕ್ಷಕಿ ಜಯಮ್ಮ ಸೋಮವಾರ ಫೋನು ಮಾಡಿದ್ದರು.

"ಮೇಡಂ, ನಮ್ ಸ್ಕೂಲು ಕೆಂಪಾಗೈತಂತೆ. ನಮ್ ಮಕ್ಳು ಬತ್ತಾ ಅವ್ರೆ ಕಣ್ ಮೇಡಂ. ಕಂಪ್ಯೂಟ್ರು ಏನಾರಾ ಏಳ್ಲಿ, ನೀವೊಂದ್ಸಲ ಬಂದು ಕಣ್ಣಲ್ಲಿ ನೋಡಿ."

ನನ್ನ ಪ್ರೋಗ್ರಾಂ ಸುಳ್ಳು ಹೇಳುವುದಿಲ್ಲ ಎಂದು ನಾಲಿಗೆ ತುದಿಗೆ ಬಂದಿತ್ತು. ಬರುತ್ತೇನೆ ಎಂದಷ್ಟೇ ಹೇಳಿ ಫೋನಿಟ್ಟು, ಮೂರು ದಿನ ರಜೆ ಹಾಕಿದೆ.

ಹೊಳೆನರಸೀಪುರದಲ್ಲಿ ಇಳಿದಾಗ ಒಂಬತ್ತು ಗಂಟೆ. ಸೇತುವೆಯ ಕೆಳಗೆ ಹೇಮಾವತಿ ತೆಳ್ಳಗೆ ಹರಿಯುತ್ತಿದ್ದಳು. ನಿಲ್ದಾಣದ ಎದುರು ತಟ್ಟೆ ಇಡ್ಲಿ ತಿಂದು ಆಟೋ ಹಿಡಿದೆ. ಆ ದೊಡ್ಡ ಶಾಲೆ ಕೆಂಪಾಗಲು ಕಾರಣ ಸೋಮವಾರ ಎಂದು ಪ್ರೋಗ್ರಾಂ ಹೇಳಿತ್ತು. ಮುಖ್ಯ ಶಿಕ್ಷಕರು ಗ್ರಾಫ್ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸೋಮವಾರ ಪಕ್ಕದೂರಲ್ಲಿ ಸಂತೆ ಕಣ್ ಮೇಡಂ. ಅಪ್ಪ ಅವ್ವನ ಜೊತೆ ಮಕ್ಳೂ ಹೊಂಟೋಯ್ತವೆ. ಕಮ್ಮಿ ಅಂತ ಗೊತ್ತಿತ್ತು, ಅರ್ಧಕ್ಕರ್ಧ ಅಂತ ಗೊತ್ತಿರ್ಲಿಲ್ಲ."

ಅಲ್ಲೇ ಕೂತು ಅವರು ವೇಳಾಪಟ್ಟಿ ತಿದ್ದಿದರು. ಆಟದ ಪೀರಿಯಡ್ಡು ಸೋಮವಾರಕ್ಕೆ ಬಂತು. ಊಟದ ಜೊತೆ ಕೊಡುವ ಮೊಟ್ಟೆಯ ದಿನವೂ ಸೋಮವಾರಕ್ಕೆ ಬಂತು. ಸಂತೆಗೂ ಮೊಟ್ಟೆಗೂ ಯಾವುದು ಗೆಲ್ಲುತ್ತದೆಯೋ ನೋಡೋಣ ಎಂದು ನಕ್ಕರು. ಅಂಕಿ ನೋಡಿ ಮನುಷ್ಯರು ಹೀಗೆ ಕೆಲಸಕ್ಕೆ ಇಳಿಯುವುದನ್ನು ಕಂಡಾಗ ಆಗುವ ಸುಖ ದೊಡ್ಡದು. ಆ ಸುಖದಲ್ಲೇ ಸಂಜೆ ಅರಕಲಗೂಡಿಗೆ ಹೋಗಿ ಚಿಕ್ಕಮ್ಮನ ಮಗಳ ಮನೆಯಲ್ಲಿ ಹುರುಳಿಕಾಳು ಬಸ್ಸಾರು, ಮುದ್ದೆ ಉಂಡು ಮಲಗಿದೆ. ಹೊಳೆನರಸೀಪುರದ ವಿಷಯದಲ್ಲಿ ಸರಿಯಾದದ್ದು ಹುಣಸೆಕೊಪ್ಪಲಿನ ವಿಷಯದಲ್ಲಿ ತಪ್ಪಲು ಸಾಧ್ಯವೇ ಇಲ್ಲ ಎನ್ನಿಸಿತ್ತು.

ಗುರುವಾರ ಬೆಳಿಗ್ಗೆ ಸೀಟಿಗೆ ಮೂವತ್ತು ರೂಪಾಯಿಯ ಆಟೋದಲ್ಲಿ ಹನ್ನೆರಡು ಕಿಲೋಮೀಟರ್ ಹೋದೆ. ದಾರಿಯ ಎರಡೂ ಕಡೆ ಶುಂಠಿ ಕೀಳುತ್ತಿದ್ದರು. ಹುಣಸೆಕೊಪ್ಪಲಿನ ಶಾಲೆಗೆ ಎರಡು ಕೋಣೆ, ಒಂದು ಅಡುಗೆ ಮನೆ, ಹಂಚಿನ ಮಾಡು. ಜಯಮ್ಮ ಇನ್ನೂ ಬಂದಿರಲಿಲ್ಲ. ಅಡುಗೆಯ ಸಣ್ಣಮ್ಮ ಕಾಳು ತುಂಬುವ ಹಗೇವಿನಷ್ಟು ದೊಡ್ಡ ಪಾತ್ರೆಯ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದರು. ದಿನಾ ಎಷ್ಟು ಮಕ್ಕಳು ಊಟ ಮಾಡುತ್ತಾರೆ ಎಂದು ಮೆಲ್ಲಗೆ ಕೇಳಿದೆ.

"ಮೂವತ್ತು ತಟ್ಟೆ ಕಣವ್ವ. ಒಂದೊಂದಿನ ಮೂವತ್ತೊಂದು."

ಪ್ರೋಗ್ರಾಂ ಪ್ರಕಾರ ಈ ಶಾಲೆಯಲ್ಲಿ ನಲವತ್ತೆರಡು ಮಕ್ಕಳು. ಉಣ್ಣುವವರು ಮೂವತ್ತು. ಅಂದರೆ ಜಯಮ್ಮ ಇಲ್ಲದ ಹನ್ನೊಂದು ಹನ್ನೆರಡು ಹೆಸರು ಸೇರಿಸಿದ್ದಾರೆ, ಶಾಲೆ ಉಳಿಸಿಕೊಳ್ಳಲು ಸಂಖ್ಯೆ ಉಬ್ಬಿಸಿದ್ದಾರೆ. ಸರಾಸರಿ ಶೇಕಡ ಎಪ್ಪತ್ತೆರಡಕ್ಕೆ ಇಳಿದಿದ್ದು ಇದಕ್ಕೇ. ಲೆಕ್ಕ ಎಷ್ಟು ಚೆನ್ನಾಗಿ ಕೂಡಿ ಬಂತೆಂದರೆ ನನಗೆ ದುಃಖವೂ ಆಗಲಿಲ್ಲ, ಕಳ್ಳ ಸಿಕ್ಕ ಪೊಲೀಸಿನವರ ಹಾಗೆ ಒಳಗೊಳಗೇ ಬೀಗಿದೆ.

ಜಯಮ್ಮ ಬಂದರು. ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಮೇಜಿನ ಮೇಲಿದ್ದ ಬುದ್ಧನ ಪುಟ್ಟ ಪಟವನ್ನು ಸೆರಗಿನಲ್ಲಿ ಒರೆಸಿ, ನನಗೆ ಕುರ್ಚಿ ಕೊಟ್ಟು, "ಆಜ್ರಿ ಮುಗೀಲಿ, ಆಮೇಲೆ ಮಾತಾಡಾಣ ಮೇಡಂ" ಎಂದರು. ಈ ಶಾಲೆಯಲ್ಲಿ ಹಾಜರಿ ಕರೆಯುವ ಪದ್ಧತಿಯೇ ಬೇರೆ. ಶಿಕ್ಷಕರು ಹೆಸರು ಕೂಗುವುದಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ತಮ್ಮ ಹೆಸರು ತಾವೇ ಹೇಳಬೇಕು. ಬಾಯಿ ಬಿಡದ ಮಕ್ಕಳಿಗೆ ಮಾತು ಬರಲಿ ಎಂದು ಜಯಮ್ಮ ತಂದ ರೂಢಿ ಅದು. ಸೋಮ, ಬುಧ, ಶುಕ್ರ ಅವರು ಮಕ್ಕಳನ್ನು ನೋಡಿಕೊಂಡು ರಿಜಿಸ್ಟರಿನಲ್ಲಿರುವಂತೆ ಹೆಸರುಗಳನ್ನು ಫೋನಿನಲ್ಲಿ ಬರೆಯುತ್ತಾರೆ. ಉಳಿದ ಮೂರು ದಿನ ಅತಿಥಿ ಶಿಕ್ಷಕ ಪ್ರದೀಪನ ಸರದಿ. ಅವನು ಇನ್ನೂ ಹುಡುಗು ಬುದ್ಧಿಯವನು, ಮಕ್ಕಳಿಗೆ ಖುಷಿಯಾಗಲಿ ಎಂದು ಹೇಳಿದ್ದನ್ನು ತಾನೇ ಬರೆದುಕೊಳ್ಳುವ ಫೋನನ್ನೇ ಅವರ ಬಾಯಿಗೆ ಹಿಡಿಯುತ್ತಾನೆ. ಅವತ್ತು ಅವನ ದಿನ.

ಫೋನು ಸಾಲಿನಲ್ಲಿ ಸಾಗುತ್ತ ನನ್ನ ಹತ್ತಿರದ ಹುಡುಗಿಗೆ ಬಂತು. ಅವಳು ಬೆನ್ನು ನೆಟ್ಟಗೆ ಮಾಡಿ ಹೇಳಿದಳು: "ಏಮಾವತಿ."

ಪರದೆಯ ಮೇಲೆ ಏಮಾವತಿ ಎಂದೇ ಮೂಡಿತು. ಮುಂದಿನವನು ಒನ್ನೇಶ. ಅದರ ಮುಂದಿನವಳು ಒನ್ನಮ್ಮ. ಆಮೇಲೆ ಅರ್ಷಿತಾ. ನಾನು ರಿಜಿಸ್ಟರು ಎಳೆದುಕೊಂಡೆ. ಹೇಮಾವತಿ, ಹೊನ್ನೇಶ, ಹೊನ್ನಮ್ಮ, ಹರ್ಷಿತಾ. ಊರ ದೇವತೆ ಹೊನ್ನಾದೇವಿ, ಮನೆಗೊಬ್ಬರಾದರೂ ಹೊನ್ನ ಇದ್ದೇ ಇರುತ್ತಾರೆ. ಹಕಾರದ ಹೆಸರುಗಳನ್ನು ಬೆರಳಿಟ್ಟು ಎಣಿಸಿದೆ. ಹನ್ನೊಂದು. ಜಯಮ್ಮನ ದಿನ ಹೇಮಾವತಿ ಬಂದಿದ್ದಾಳೆ, ಏಮಾವತಿ ಗೈರು. ಪ್ರದೀಪನ ದಿನ ಏಮಾವತಿ ಬಂದಿದ್ದಾಳೆ, ಹೇಮಾವತಿ ಗೈರು. ಒಂದೇ ಮಗುವನ್ನು ನನ್ನ ಪ್ರೋಗ್ರಾಂ ಎರಡು ಮಾಡಿ, ಎರಡಕ್ಕೂ ಅರ್ಧ ಹಾಜರಿ ಕೊಟ್ಟು, ಶಾಲೆಗೆ ಕೆಂಪು ಬಳಿದಿತ್ತು.

ನಾಚಿಕೆಯಾಯಿತು. ನಾನು ಬಣ್ಣ ನೋಡಿದ್ದೆ, ಹೆಸರು ಓದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನೂ ಮನೆಯಲ್ಲಿ ಏಮಾ ಎಂದು ಕರೆಸಿಕೊಂಡೇ ಬೆಳೆದವಳು. ಕಾಲೇಜಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ನಕ್ಕಿದ್ದಕ್ಕೆ ಹಟ ತೊಟ್ಟು ಹಕಾರ ಕಲಿತು, ಹುಟ್ಟಿದ ಊರಿನ ನಾಲಿಗೆಯನ್ನೇ ಮರೆತಿದ್ದೆ. ಜಯಮ್ಮನಿಗೆ ಎಲ್ಲವನ್ನೂ ಹೇಳಿದೆ, ಅವರನ್ನು ಅನುಮಾನಿಸಿದ್ದನ್ನೂ ಹೇಳಿದೆ. ಪ್ರದೀಪ ಪೆಚ್ಚಾಗಿ ನಾಳೆಯಿಂದ ತಾನೂ ರಿಜಿಸ್ಟರು ನೋಡಿಯೇ ಬರೆಯುತ್ತೇನೆ ಎಂದ.

"ಬ್ಯಾಡ ಕಣಪ್ಪ," ಎಂದರು ಜಯಮ್ಮ. "ಮಕ್ಳು ಬಾಯ್ಬುಟ್ಟು ಎಸ್ರು ಏಳ್ತಾ ಅವ್ರಲ್ಲ, ಅದು ನಿಲ್ಬಾರ್ದು. ಮಿಷನ್ ತಪ್ಪಿಗೆ ಮಕ್ಳ ಬಾಯಿ ಯಾಕ್ ಕಟ್ಟಾದು?"

ಅವರು ಹೇಳಿದ್ದೇ ಸರಿ. ತಿದ್ದಬೇಕಾದದ್ದು ನನ್ನ ಪ್ರೋಗ್ರಾಂ. ಜಗಲಿಯಲ್ಲಿ ಕೂತು, ಹೆಸರುಗಳನ್ನು ಹೋಲಿಸುವಾಗ ಮೊದಲ ಅಕ್ಷರದ ಹಕಾರವನ್ನು ಬಿಟ್ಟು ಬರೀ ಸ್ವರ ನೋಡು ಎಂದು ನಾಲ್ಕು ಸಾಲು ಸೇರಿಸಿದೆ. ಬೇರೆ ಬೇರೆ ಮಕ್ಕಳು ಒಂದಾಗಿಬಿಡಬಾರದಲ್ಲ, ಅದಕ್ಕೆ ಜಯಮ್ಮ ರಿಜಿಸ್ಟರು ಹಿಡಿದು ಪ್ರತಿ ಹೆಸರನ್ನೂ ತಾಳೆ ನೋಡಿದರು. ಮತ್ತೆ ಓಡಿಸಿದಾಗ ಮಕ್ಕಳು ಮೂವತ್ತೊಂದು, ಸರಾಸರಿ ತೊಂಬತ್ತೇಳು. ಮೂರೂ ತಾಲ್ಲೂಕಿನಲ್ಲಿ ಇಂಥ ಶಾಲೆ ಬೆರಳೆಣಿಕೆಯಷ್ಟು. ಅದೇ ತಿದ್ದುಪಡಿಯಿಂದ ಇನ್ನೂ ಮೂರು ಹಳದಿ ಶಾಲೆಗಳು ಹಸಿರಾದವು.

ಆದರೆ ಮೂವತ್ತೊಂದರಲ್ಲಿ ಒಂದು ಹೆಸರು ಕೆಂಪಾಗಿಯೇ ಉಳಿಯಿತು. ಹಂಸ, ನಾಲ್ಕನೇ ತರಗತಿ, ಅರ್ಧದಷ್ಟು ದಿನಗಳೂ ಬಂದಿಲ್ಲ. ಸುಳ್ಳು ಕೆಂಪುಗಳ ನಡುವೆ ನಿಜವಾದದ್ದು ನನಗೆ ಕಂಡಿರಲಿಲ್ಲ. ಜಯಮ್ಮನಿಗೆ ಗೊತ್ತಿತ್ತು. ಅವಳ ತಾಯಿ ಶುಂಠಿ ಕೀಳುವ ಕೂಲಿಗೆ ಹೋಗುತ್ತಾರೆ, ಎರಡು ವರ್ಷದ ತಮ್ಮನನ್ನು ನೋಡಿಕೊಳ್ಳುವವಳು ಹಂಸಳೇ. ಮೂರು ತುಂಬದೆ ಅಂಗನವಾಡಿಗೆ ಸೇರಿಸಿಕೊಳ್ಳುವುದಿಲ್ಲ. ಶಾಲೆ ಮುಚ್ಚುವ ಮಾತಿರುವಾಗ ಇವಳಿಗೂ ಹಾಜರಿ ಹಾಕಿಬಿಡಬೇಕು ಎನ್ನಿಸಲಿಲ್ಲವೇ ಎಂದು ಕೇಳಿದೆ.

"ಅನ್ನಿಸ್ತು ಮೇಡಂ. ಬರದೇ ಇದ್ದೋಳ್ನ ಬಂದವ್ಳೆ ಅಂತ ಬರ್ದ್ಬುಟ್ರೆ, ಆಮೇಲೆ ಅವ್ಳ ಮನೆ ಬಾಗ್ಲಿಗೋಗಿ ಬಾರವ್ವ ಅಂತ ಕರೆಯಾಕೆ ನಂಗ್ಯಾವ ಮಕ ಇರ್ತದೆ?"

ಇಪ್ಪತ್ತೇಳು ವರ್ಷದಿಂದ ನಾನು ಮಾಡುತ್ತಿರುವ ಕೆಲಸವನ್ನೇ ಈ ಹೆಂಗಸೂ ಮಾಡುತ್ತಿದ್ದಾರೆ ಎಂದು ನೆನೆದು ನನಗೆ ಹೆಮ್ಮೆಯಾಯಿತು. ತಮ್ಮನನ್ನೂ ಕರೆದುಕೊಂಡೇ ಬರಲಿ, ಮೂಲೆಯಲ್ಲಿ ಚಾಪೆ ಹಾಕಿ, ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ ಎಂದೆ. ಸಂಜೆ ಅವರ ಮನೆಗೆ ಹೋಗಿ ಕೇಳುತ್ತೇನೆ ಎಂದರು ಜಯಮ್ಮ.

ಶುಕ್ರವಾರ ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಚನ್ನರಾಯಪಟ್ಟಣಕ್ಕೆ ಇನ್ನೊಂದು. ತೆಂಗಿನ ತೋಟಗಳ ನಡುವೆ ಬಸ್ಸು ಎಲ್ಲ ಹಳ್ಳಿಗಳಲ್ಲೂ ನಿಂತು ನಿಂತು ಹೋಯಿತು. ಸೋಮವಾರ ಕೊಟ್ಟ ಪಟ್ಟಿ ತಪ್ಪು ಎಂದು ನಲವತ್ತು ಜನರ ಮುಂದೆ ನಿಂತು ಹೇಳಬೇಕಿತ್ತು. ನಂಬದಿದ್ದರೆ ಹುಣಸೆಕೊಪ್ಪಲಿನ ಬಾಗಿಲಿಗೆ ಬೀಗ.

ಹನ್ನೊಂದಕ್ಕೆ ಸಭೆ. ತಪ್ಪು ನನ್ನದು ಎಂದೇ ಶುರು ಮಾಡಿದೆ. ಹಕಾರದ ಕಥೆ ಹೇಳಿ ಮುಗಿಸುವಷ್ಟರಲ್ಲಿ ಅಧ್ಯಕ್ಷತೆ ವಹಿಸಿದ್ದ ಹಿರಿಯ ಅಧಿಕಾರಿ ಪೆನ್ನು ಕೆಳಗಿಟ್ಟರು. ಅವರೂ ಈ ಸೀಮೆಯವರೇ.

"ಕೊನೇ ಗಳಿಗೇಲಿ ಇಂಗೆಲ್ಲ ಏಳಿದ್ರೆ ಎಂಗೆ ಮೇಡಂ? ಎಸ್ರುನ್ನ ಯಾರಾದ್ರೂ ಅಂಗೆ ಬರೀತಾರಾ?"

ನನ್ನ ಫೋನು ತೆಗೆದು ಅವರ ಮುಂದೆ ಹಿಡಿದೆ. "ಸಾರ್, ತಪ್ಪು ತಿಳೀಬೇಡಿ. ಈಗ ಹೇಳಿದ್ದನ್ನೇ ಇದಕ್ಕೊಂದು ಸಲ ಹೇಳ್ತೀರಾ?"

ಅವರು ಹುಬ್ಬು ಗಂಟಿಕ್ಕಿ, ಆದರೂ ಹೇಳಿದರು. ಆಮೇಲೆ ಕನ್ನಡಕ ಏರಿಸಿ ಪರದೆಯನ್ನು ಓದಿದರು. ಇಂಗೆಲ್ಲ ಏಳಿದ್ರೆ ಎಂಗೆ. ಮೊದಲು ನಕ್ಕವರು ಅವರೇ.

"ನಂದೂ ಓಯ್ತಲ್ಲ ಮೇಡಂ," ಎಂದರು. ಸಭೆಗೆ ಸಭೆಯೇ ನಕ್ಕಿತು. ನಗು ನಿಂತ ಮೇಲೆ ಅವರು ರಿಜಿಸ್ಟರಿನ ಪ್ರತಿ ಕೇಳಿದರು, ಹನ್ನೊಂದು ಹೆಸರನ್ನೂ ಒಂದೊಂದಾಗಿ ತಾಳೆ ನೋಡಿದರು, ಹಂಸಳ ಬಗ್ಗೆ ವಿಚಾರಿಸಿದರು. ಕೊನೆಗೆ ಪಟ್ಟಿಯಲ್ಲಿ ಹುಣಸೆಕೊಪ್ಪಲಿನ ಮೇಲೆ ಗೀಟು ಎಳೆದು ಸಹಿ ಹಾಕಿದರು.

ಎರಡು ಗಂಟೆಗೆ ಚನ್ನರಾಯಪಟ್ಟಣದ ನಿಲ್ದಾಣದಲ್ಲಿ ಹಾಸನದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಜಯಮ್ಮನಿಗೆ ಫೋನು ಮಾಡಬೇಕು ಎನ್ನುವಷ್ಟರಲ್ಲಿ ಅವರದೇ ಬಂತು. ಸಭೆ ಏನಾಯಿತು ಎಂದು ಕೇಳಲು ಧೈರ್ಯವಿಲ್ಲದೆ ಬೇರೆ ಮಾತು ತೆಗೆದರು.

"ಅಂಸ ಬಂದವ್ಳೆ ಮೇಡಂ. ತಮ್ಮುನ್ನ ಸೊಂಟದ ಮೇಲೆ ಕೂರಿಸ್ಕಂಡು ಬಂದವ್ಳೆ. ಮಧ್ಯಾಹ್ನದ ಆಜ್ರೀಲಿ ತನ್ನೆಸ್ರು ಏಳಿ, ಅವನೆಸ್ರುನೂ ಏಳ್ಬುಟ್ಳು. ಮಕ್ಳೆಲ್ಲ ಬರ್ಕಳಿ ಮಿಸ್ ಅಂತ ಕುಂತವ್ರೆ. ಬರ್ಕಳ್ಳಾ?"

ಬಸ್ಸು ಹೊರಟಿತ್ತು. ಗಲಾಟೆಯಲ್ಲಿ ಕೇಳಿಸಲಿ ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದೆ.

"ಈಗ ಬ್ಯಾಡ ಕಣ್ ಜಯಮ್ಮ. ಇನ್ನು ನಾಲ್ಕು ವರ್ಷಕ್ಕೆ ಒಂದನೇ ಕ್ಲಾಸಿಗೆ ಬತ್ತಾನಲ್ಲ, ಆವಾಗ ನಿಮ್ಮ ಸ್ಕೂಲಲ್ಲೇ ಬರ್ಕಳ್ಳಿ."