ಇಳಿಯದ ಡ್ರಮ್ಮು

ಅತ್ತೆಗೆ ತಿಳಿಯದ ಹಾಗೆ ನೀವು ಎಂದಾದರೂ ಕಾಫಿ ಕಾಯಿಸಿಕೊಂಡು ಕುಡಿದಿದ್ದೀರಾ? ಕುಡಿದು ದಕ್ಕಿಸಿಕೊಂಡಿದ್ದರೆ, ನಿಮ್ಮ ಮನೆಯಲ್ಲಿ ಗೋಬರ್ ಗ್ಯಾಸ್ ಇರಲಿಲ್ಲ ಎಂದೇ ಅರ್ಥ.

ತೊಂಬತ್ತರ ದಶಕದಲ್ಲಿ ದುದ್ದದ ಹತ್ತಿರದ ನಮ್ಮ ಮನೆಯ ಹಿತ್ತಿಲಿಗೆ ಅದು ಬಂತು. ಸಗಣಿ ಕಲಸಿ ಗುಂಡಿಗೆ ಸುರಿದರೆ ಗ್ಯಾಸು ತುಂಬಿ, ಮೇಲೆ ಮುಚ್ಚಿದ ಕಬ್ಬಿಣದ ಡ್ರಮ್ಮು ತೇಲಿಕೊಂಡು ಏಳುತ್ತಿತ್ತು. ಒಲೆ ಉರಿಸಿದಷ್ಟೂ ಇಳಿಯುತ್ತಿತ್ತು. ಹೊಗೆಯಿಲ್ಲ, ಮಸಿಯಿಲ್ಲ, ನೀಲಿ ಉರಿ. ನನ್ನ ಕಣ್ಣುರಿ ನಿಂತಿತು, ಜೊತೆಗೆ ಗುಟ್ಟೂ ಹೋಯಿತು. ಹಿತ್ತಿಲ ಜಗಲಿಯಲ್ಲಿ ಕೂತ ಅತ್ತೆ, ಡ್ರಮ್ಮು ಎಷ್ಟು ಇಳಿದಿದೆ ಎಂದು ನೋಡಿಯೇ ನಾನು ಕದ್ದು ಕಾಯಿಸಿದ ಕಾಫಿಯನ್ನು ಪತ್ತೆ ಮಾಡುತ್ತಿದ್ದರು.

ಆಮೇಲೆ ಅವರಿಗೆ ಎದೆನೋವು ಬಂತು. ಎದೆಯೊಡೆಯುವಂಥ ಸುದ್ದಿ ಏನೂ ಕಿವಿಗೆ ಬೀಳದಿರಲಿ ಎಂದು ಹಾಸನದ ಡಾಕ್ಟರು ಹೇಳಿ ಕಳಿಸಿದರು. ಜಗಲಿಯಲ್ಲೇ ಮಂಚ ಹಾಕಿದೆವು. ಅಂಥದ್ದರಲ್ಲಿ ಅರಕಲಗೂಡಿನಲ್ಲಿದ್ದ ನನ್ನ ಭಾವ, ಅತ್ತೆಯ ಹಿರಿಮಗ, ಒಂದು ಬೆಳಿಗ್ಗೆ ತೀರಿಕೊಂಡರು. ನನ್ನ ಯಜಮಾನರು ಗೊಬ್ಬರ ತರುತ್ತೇನೆಂದು ತಾಯಿಗೆ ನೆಪ ಹೇಳಿ ಬಸ್ಸು ಹತ್ತಿದರು. ಅತ್ತೆಯನ್ನು ನೋಡಿಕೊಳ್ಳಲು ನಾನು ಉಳಿದೆ.

ಮನೆಯವರು ಯಾರೇ ಸತ್ತರೂ ಮಣ್ಣಾಗುವವರೆಗೆ ನಮ್ಮಲ್ಲಿ ಒಲೆ ಹಚ್ಚುವಂತಿಲ್ಲ. ಪಕ್ಕದ ಮನೆಯಾಕೆ ಮುದ್ದೆ, ಸೊಪ್ಪಿನ ಸಾರನ್ನು ಮುಂಬಾಗಿಲಿನಿಂದ ಸದ್ದಿಲ್ಲದೆ ತಂದಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋದಳು. ಅದನ್ನೇ ನಮ್ಮ ತಟ್ಟೆಗೆ ಹಾಕಿ, ಮುಖ ತೊಳೆದುಕೊಂಡು ಅತ್ತೆಯ ಮುಂದಿಟ್ಟೆ. ಈಗಷ್ಟೇ ಮಾಡಿದೆ, ಆರುವ ಮೊದಲು ಉಣ್ಣಿ ಎಂದೆ. ಸುಳ್ಳಿಗೆ ನಾನೇನು ಹೊಸಬಳಲ್ಲ.

ಅವರು ಮುದ್ದೆ ಮುರಿದರು. ತುತ್ತು ಬಾಯಿಗೆ ಹೋಗಲಿಲ್ಲ. ಹಿತ್ತಿಲಲ್ಲಿ ಡ್ರಮ್ಮು ಪೂರ್ತಿ ಮೇಲೆದ್ದು ನಿಂತಿತ್ತು. ಸುತ್ತಲಿನ ಸಗಣಿ ಬಗ್ಗಡದಿಂದ ಗುಳ್ಳೆ ಏಳುತ್ತಿದ್ದವು.

ಸೌದೆ ಒಲೆಯಲ್ಲಿ ಮಾಡಿದೆ ಅತ್ತೆ, ಎಂದೆ.

ಅವರು ಅಡುಗೆಮನೆಯ ಹೆಂಚಿನ ಕಡೆ ಒಮ್ಮೆ ಕತ್ತೆತ್ತಿ ನೋಡಿ, ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಒಗೆ ಎಲ್ಲಮ್ಮಿ? ಒಂದ್ಲೋಟ ಕಾಪಿ ಕಾಸುದ್ರೂ ಇಳೀತಿದ್ದ ಡ್ರಮ್ಮು ಈವತ್ತು ಇಳ್ದೇ ಇಲ್ಲ. ನನ್ ಮಕ್ಳಲ್ಲಿ ಯಾವನು ಓದ, ಅದ್ನ ಯೋಳ್ಬುಡು."